ಬದಿಯಡ್ಕದಿಂದ ಬೆಂಗಳೂರಿಗೆ: ಬೋನ್ಸಾಯ್ ಸಮಾವೇಶಕ್ಕೆ ಹೊರಡುವ ಮುಂಚೆ

ನಮಸ್ಕಾರ. ಬೆಳಿಗ್ಗೆ ಆರೂವರೆ, ಬದಿಯಡ್ಕದ ನಮ್ಮ ಮನೆ ಅಂಗಳ. ಈ ಗೋಳಿ, ಅಂದರೆ ಆಲದ ಮರ ನೋಡಿ, ನಮ್ಮ ಬಾವಿಕಟ್ಟೆಯ ಮುರಕಲ್ಲಿನ ಸಂದಿಯಲ್ಲಿ ಹುಟ್ಟಿದ್ದು. ಹನ್ನೊಂದು ವರ್ಷದ ಹಿಂದೆ ಅಪ್ಪ ಕಿತ್ತು ಬಿಸಾಡಲು ಹೊರಟಿದ್ದರು, ನಾನು ಕೇಳಿ ತೆಗೆದುಕೊಂಡು ಚಟ್ಟಿಗೆ ಹಾಕಿ ಬೋನ್ಸಾಯ್, ಅಂದರೆ ಪುಟ್ಟ ಮರವಾಗಿ ಬೆಳೆಸಿದೆ. ಇವತ್ತು ಸಂಜೆ ಕಾಸರಗೋಡಿನಿಂದ ಬೆಂಗಳೂರು ರೈಲು. ನಾಳೆಯಿಂದ ಮೂರು ದಿನ ಬೋನ್ಸಾಯ್ ಸಮಾವೇಶ, ನನಗೆ ಇದು ನಾಲ್ಕನೆಯದು.

ಮರ ನನ್ನ ಜೊತೆ ಬರುವುದಿಲ್ಲ. ಫೋಟೋ ಬರುತ್ತದೆ. ನಾಲ್ಕು ಕಡೆಯಿಂದ, ಮೇಲಿನಿಂದ, ಬುಡದ ಬೇರು ಹತ್ತಿರದಿಂದ, ಚಟ್ಟಿಯ ಅಡಿಯ ತೂತುಗಳದ್ದೂ ಒಂದು. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ, ಇಲ್ಲದಿದ್ದರೆ ನೋಡುವವರಿಗೆ ಮರದ ಅಳತೆಯೇ ಗೊತ್ತಾಗುವುದಿಲ್ಲ.

ಮೊದಲ ಸಲ ನಾನು ಮೂರೂ ದಿನ ಮುಂದಿನ ಸಾಲಿನಲ್ಲಿ ಕುಳಿತು ಬರೀ ಡೆಮೋ, ಅಂದರೆ ಪಳಗಿದವರು ಎಲ್ಲರೆದುರು ಗಿಡಕ್ಕೆ ರೂಪ ಕೊಡುವುದನ್ನು ನೋಡಿದೆ. ಚಪ್ಪಾಳೆ ತಟ್ಟಿದೆ, ಪುಸ್ತಕದ ತುಂಬ ಬರೆದೆ, ಕೊನೆಗೆ ಜುನಿಪರ್ ಅನ್ನುವ ತಂಪು ಪ್ರದೇಶದ ಒಂದು ಗಿಡ ಕೊಂಡುಕೊಂಡು ಮನೆಗೆ ಬಂದೆ. ಎಲ್ಲಿ ಬೇಕಾದರೂ ಬೆಳೆಯುತ್ತದೆ ಅಂದಿದ್ದರು ಮಾರಿದವರು. ಆಟಿ ತಿಂಗಳ ಮಳೆಗೆ ಅದು ಹೋಯಿತು. ಜುನಿಪರಿನ ಕಷ್ಟ ಏನೆಂದರೆ, ಬೇರು ಸತ್ತ ಮೇಲೂ ಅದು ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ, ನಾವು ಬದುಕಿದೆ ಅಂದುಕೊಂಡು ನೀರು ಹಾಕುತ್ತಲೇ ಇರುತ್ತೇವೆ. ತುಂಬ ಬೇಜಾರಾಗಿತ್ತು.

ಮುಂದಿನ ಸಲ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಹೋದೆ: ನನ್ನ ಗೋಳಿಯ ಬೇರು ಮಳೆಗಾಲದಲ್ಲಿ ಯಾಕೆ ಕೊಳೆಯುತ್ತದೆ? ಬೆಳಿಗ್ಗೆ ಹಾಲ್ ತುಂಬುವ ಮುಂಚೆ, ಕಾಫಿ ಹಿಡಿದು ನಿಂತಿದ್ದ ಒಬ್ಬ ಹಿರಿಯ ಅಮ್ಮನವರಿಗೆ ಫೋಟೋ ತೋರಿಸಿದೆ. ಮರವನ್ನು ಅವರು ಸರಿಯಾಗಿ ನೋಡಲೂ ಇಲ್ಲ. "ನಿಮ್ಮ ಊರಲ್ಲಿ ಮಳೆ ಎಷ್ಟು ಬರುತ್ತೆ?" ಅಂತ ಕೇಳಿದರು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಅಂದೆ. ಬೆಂಗಳೂರಿನ ಮೂರು ಪಟ್ಟು, ಅಲ್ವಾ? "ಹಾಗಾದ್ರೆ ಇಲ್ಲಿಯವರ ಮಣ್ಣಿನ ಲೆಕ್ಕ ನಿಮಗೆ ಆಗಲ್ಲ. ಮಣ್ಣು ಕಡಿಮೆ ಮಾಡಿ, ಇಟ್ಟಿಗೆ ಚೂರು ಜಾಸ್ತಿ ಹಾಕಿ. ಜೋರು ಮಳೆ ಇದ್ದಾಗ ಚಟ್ಟಿಯ ಒಂದು ಬದಿಗೆ ಮರದ ತುಂಡು ಇಟ್ಟು ಓರೆ ಮಾಡಿ, ನೀರು ಇಳಿದು ಹೋಗುತ್ತೆ." ಅಷ್ಟೇ. ಎರಡು ನಿಮಿಷ. ಇಲ್ಲಿ ಕಾಣುತ್ತಿದೆಯಲ್ಲ, ಚಟ್ಟಿಯ ಪಕ್ಕ ಬಿದ್ದಿರುವ ಈ ಹಲಸಿನ ತುಂಡು, ಅವತ್ತಿನಿಂದ ಪ್ರತಿ ಮಳೆಗಾಲ ಇದು ಚಟ್ಟಿಯ ಅಡಿಗೆ ಹೋಗುತ್ತದೆ.

ಹೊಸಬರು ಕೇಳಲು ಹೆದರುತ್ತಾರೆ. ಹೆದರಬೇಡಿ. ಟೋಕಿಯೋದ ಬೋನ್ಸಾಯ್ ಬೆಳೆಗಾರರು 1923ರ ಭೂಕಂಪದ ನಂತರ ಊರು ಬಿಟ್ಟು ಹೋಗಿ 1925ರಲ್ಲಿ ಟೋಕಿಯೋದ ಉತ್ತರಕ್ಕಿರುವ ಓಮಿಯಾದಲ್ಲಿ ಬೋನ್ಸಾಯ್ ಹಳ್ಳಿ ಕಟ್ಟಿದರು. ಅವರು ಮಾಡಿಕೊಂಡ ಕಟ್ಟಳೆಗಳಲ್ಲಿ ಒಂದು, ಪ್ರತಿಯೊಬ್ಬರ ತೋಟದ ಬಾಗಿಲೂ ಎಲ್ಲರಿಗೂ ತೆರೆದಿರಬೇಕು ಅನ್ನುವುದು. 1989ರಲ್ಲಿ ಮೊದಲ ವಿಶ್ವ ಬೋನ್ಸಾಯ್ ಸಮಾವೇಶ ನಡೆದದ್ದೂ ಅದೇ ಓಮಿಯಾದಲ್ಲಿ. ಈ ವಿದ್ಯೆ ಬೆಳೆದದ್ದೇ ಹಾಗೆ, ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಹೋಗಿ ನೋಡಿ, ಕೇಳಿ.

ಇನ್ನು ಡೆಮೋ. ಎರಡು ಗಂಟೆಯಲ್ಲಿ ಪೊದೆಯಂಥ ಗಿಡ ಮರವಾಗುವುದನ್ನು ನೋಡಲು ಖುಷಿಯಾಗುತ್ತದೆ ನಿಜ. ಆದರೆ ಎಷ್ಟೋ ಸಲ ಆ ಗಿಡಕ್ಕೆ ಮುಂಚೆಯೇ ತಯಾರಿ ಆಗಿರುತ್ತದೆ, ಕೊಂಬೆ ಸುಲಭವಾಗಿ ಬಗ್ಗಲಿ ಅಂತ ನೀರು ಕಡಿಮೆ ಮಾಡಿರುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಅದಕ್ಕೆ ವಿಶ್ರಾಂತಿ ಬೇಕು. ಇದಕ್ಕೆ ಮುಂಚೆ ಏನು ಮಾಡಿದಿರಿ, ಇನ್ನು ಆರು ತಿಂಗಳು ಏನು ಮಾಡುತ್ತೀರಿ ಅಂತ ಅವರನ್ನು ಕೇಳಿ. ಊರಿಗೆ ಬಂದು ಒಂದೇ ದಿನ ಬೇರೂ ಕತ್ತರಿಸಿ ಕೊಂಬೆಯೂ ಬಗ್ಗಿಸಿದರೆ ಗಿಡ ತಡೆಯುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ವರ್ಕ್‌ಶಾಪಿನಲ್ಲಿ ನೋಡುಗರ ಸೀಟು. ಗಿಡ ಮುಟ್ಟುವ ಹಾಗಿಲ್ಲ, ಮಾತಾಡುವ ಹಾಗೂ ಇಲ್ಲ, ಆದರೆ ಕೈಗಳು ಹತ್ತಿರದಿಂದ ಕಾಣುತ್ತವೆ. ಕೊಂಬೆ ಬಗ್ಗಿಸಿದ ಆಕಾರದಲ್ಲೇ ನಿಲ್ಲಲು ಅದಕ್ಕೆ ತಂತಿ ಸುತ್ತುತ್ತಾರೆ. ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟು ದಪ್ಪದ ತಂತಿ, 45 ಡಿಗ್ರಿ ಓರೆಯಲ್ಲಿ ಸುತ್ತಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬಗ್ಗಿಸುವಾಗ ಹೆಬ್ಬೆರಳು ಎಲ್ಲಿರಬೇಕು, ತಂತಿಯ ಸುತ್ತು ಬಾಗಿನ ಹೊರಬದಿಗೆ ಹೇಗೆ ಆನಿಸಿ ಬರಬೇಕು, ಸಣ್ಣಗೆ ಚಿಟ್ ಅಂತ ಸದ್ದು ಬಂದ ಕೂಡಲೇ ಕೈ ಹೇಗೆ ನಿಲ್ಲುತ್ತದೆ, ಇದನ್ನು ನಾನು ಕಲಿತದ್ದು ಅಲ್ಲಿಯೇ.

ಅಂಗಡಿಗಳಿಗೆ ಮೊದಲ ದಿನ ಬೆಳಿಗ್ಗೆಯೇ ಹೋಗಿ, ಒಳ್ಳೆಯ ಚಟ್ಟಿಗಳು ಬೇಗ ಖಾಲಿಯಾಗುತ್ತವೆ. ಬಣ್ಣ ನೋಡುವ ಮುಂಚೆ ತಿರುಗಿಸಿ ಅಡಿ ನೋಡಿ. ತೂತು ದೊಡ್ಡದಿರಬೇಕು, ಗಿಡ ಅಲುಗದಂತೆ ತಂತಿ ಕಟ್ಟಲೂ ಜಾಗ ಇರಬೇಕು. ಗಿಡ ಕೊಳ್ಳುವುದಾದರೆ ನಮ್ಮ ಕರಾವಳಿಗೆ ಗೋಳಿ, ಅಶ್ವತ್ಥ, ಹುಣಸೆ ಸಾಕು.

ಈ ಸಲ ನನ್ನ ಫೋನಿನಲ್ಲಿ ಇನ್ನೊಂದು ಫೋಟೋ ಇದೆ. ಇದು, ಗೋಳಿಯ ಬಿಳಲು. ಕೊಂಬೆಯಿಂದ ಇಳಿದ ಎಳೆ ಬೇರನ್ನು ಜ್ಯೂಸ್ ಕುಡಿಯುವ ಕೊಳವೆಯೊಳಗೆ ಬಿಟ್ಟು, ಒದ್ದೆ ಪಾಚಿ ತುಂಬಿದ್ದೇನೆ, ನೇರ ಮಣ್ಣಿಗೆ ಬಂದಿದೆ. ಪುಣೆಯಿಂದ ಬಂದಿದ್ದ ಒಬ್ಬರು ಹೋದ ಸಲ ಕೇಳಿದ್ದರು, ಅವರಲ್ಲಿ ಗಾಳಿ ಒಣಗಿರುವುದರಿಂದ ಬಿಳಲು ಬರುವುದೇ ಕಷ್ಟವಂತೆ. ನಮ್ಮಲ್ಲಿ ಮಳೆಗಾಲದಲ್ಲಿ ಸುಮ್ನೆ ಬಿಟ್ಟರೂ ಬರುತ್ತದೆ. ಅವರಿಗೆ ತೋರಿಸಬೇಕು.

ಈಗ ಅಮ್ಮನಿಗೆ ಹೇಳಿಕೊಡುವ ಕೆಲಸ ಬಾಕಿ ಇದೆ. "ಅಮ್ಮಾ, ಮೊದಲು ಬೆರಳು ಮಣ್ಣಿಗೆ ಹಾಕಿ ನೋಡಿ. ಒಣಗಿದ್ದರೆ ಮಾತ್ರ ನೀರು."