ಎರಡು ಯಂತ್ರಗಳ ನಡುವಿನ ಸಂದು

ಕಲಬುರಗಿ ಭಾಗದ ಕೇಳುಗರಿಗೆ ಶರಣು ಶರಣಾರ್ಥಿ. ಇವತ್ತಿನ ಮಾತು ಸಿಸ್ಟಮ್ಸ್ ಎಂಜಿನಿಯರಿಂಗ್ ಬಗ್ಗೆ, ಅಂದರೆ ಬಿಡಿಭಾಗಗಳೆಲ್ಲ ಕೂಡಿ ಒಂದಾಗಿ ಕೆಲಸ ಮಾಡುವಂತೆ ಏರ್ಪಾಟು ಮಾಡುವ ವಿದ್ಯೆ. ಹೆಸರು ಕೇಳಿ ರೇಡಿಯೋ ಆರಿಸಬೇಡಿ. ದಾಲ್ ಮಿಲ್ ನಡೆಸುವವರು, ಸಣ್ಣ ಕಾರ್ಖಾನೆ ಇಟ್ಟವರು, ಹೊಸ ಯಂತ್ರ ತಯಾರಿಸಲು ಹೊರಟ ಹುಡುಗ ಹುಡುಗಿಯರು, ನಿಮಗೇ ಹೇಳುತ್ತಿದ್ದೇನೆ. ಬಿಡಿಭಾಗ ಎಷ್ಟೇ ಚೆನ್ನಾಗಿರಲಿ, ಕೆಲಸ ಕೆಡುವುದು ಎರಡು ಭಾಗ ಕೂಡುವ ಸಂದಿನಲ್ಲಿ. ಆ ಸಂದಿಗೆ ಒಬ್ಬರು ಹೊಣೆಗಾರರು ಬೇಕು. ಇಷ್ಟೇ ವಿಷಯ.

ನಮ್ಮ ಕಡೆಯ ಒಂದು ದಾಲ್ ಮಿಲ್ ಕಥೆ ಕೇಳಿ. ತೊಗರಿಯನ್ನು ರೋಲರ್‌ನಲ್ಲಿ ಗೀರಿ, ಎಣ್ಣೆ ಸವರಿ, ನೀರು ಚಿಮುಕಿಸಿ ಬಿಸಿಲಿಗೆ ಹರವುತ್ತಾರಲ್ವಾ? ಮೋಡ ಕವಿದರೆ ಕೆಲಸ ನಿಂತಂತೆ. ಅದಕ್ಕೆ ಸಾಹುಕಾರರು ಡ್ರೈಯರ್ ತಂದರು. ಒಳ್ಳೆ ಡ್ರೈಯರ್. ರೋಲರೂ ಒಳ್ಳೆಯದೇ. ಆದರೂ ನುಚ್ಚು ಮೊದಲಿಗಿಂತ ಜಾಸ್ತಿ ಬೀಳತೊಡಗಿತು. ಸಾಹುಕಾರರು ರೋಲರ್ ಮೇಸ್ತ್ರಿಯನ್ನು ಬೈದರು, ಮೇಸ್ತ್ರಿ ಡ್ರೈಯರ್ ಮಾರಿದವರನ್ನು ಬೈದ. ನಾನು ಹೋಗಿ ಡ್ರೈಯರ್ ಬಾಯಿಗೆ ಅಂಗೈ ಒಡ್ಡಿದರೆ ಕಾಳು ಚುರ್ ಅಂತ ಸುಟ್ಟಿತು. ಅದೇ ಬಿಸಿ ಕಾಳು ಸಿಪ್ಪೆ ಬಿಡಿಸಲು ನೇರ ಮತ್ತೆ ರೋಲರ್‌ಗೆ ಹೋಗುತ್ತಿತ್ತು! ಹಿಂದೆ ಬಿಸಿಲಲ್ಲಿ ಒಣಗಿದ ಕಾಳನ್ನು ಸಂಜೆ ರಾಶಿ ಮಾಡಿ ಮುಚ್ಚಿಡುತ್ತಿದ್ದರು, ರಾತ್ರಿಯೆಲ್ಲಾ ಒಳಗಿನ ತೇವ ಹೊರಗಿನ ತೇವ ಒಂದು ಹದಕ್ಕೆ ಬರುತ್ತಿತ್ತು. ಹೊಸ ಏರ್ಪಾಟಿನಲ್ಲಿ ಆ ರಾತ್ರಿಯೇ ಇಲ್ಲ. ಅದೂ ಒಂದು ಕೆಲಸ ಅಂತ ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೇಲಾಗಿ ಡ್ರೈಯರ್ ಆಳುಗಳಿಗೆ ಚೀಲದ ಲೆಕ್ಕದಲ್ಲಿ ಕೂಲಿ, ಹಾಗಾಗಿ ಅವಸರ. ನುಚ್ಚಿನ ಬೈಗುಳ ಮಾತ್ರ ಮೇಸ್ತ್ರಿಗೆ. ಕೊನೆಗೆ ನಡುವೆ ಕಾಳು ತಣಿಯಲು ಒಂದು ತೊಟ್ಟಿ ಕೂರಿಸಿದರು, ಇಬ್ಬರ ಕೂಲಿಯನ್ನೂ ಒಡೆಯದ ಬೇಳೆಯ ತೂಕಕ್ಕೆ ಕಟ್ಟಿದರು. ನುಚ್ಚು ಇಳಿಯಿತು. ಯಂತ್ರಗಳು ಅವೇ.

ಕೂಲಿಯ ಲೆಕ್ಕವೂ ಒಂದು ಸಂದೇ, ಗೊತ್ತಾಯ್ತಲ್ಲ? ಇದನ್ನು ಎಷ್ಟು ಹೇಳಿದರೂ ಜನ ಮತ್ತೆ ಯಂತ್ರದ ಹಾರ್ಸ್‌ಪವರ್ ಕೇಳುತ್ತಾರೆ!

ದೊಡ್ಡವರೂ ಇಲ್ಲೇ ಎಡವಿದ್ದಾರೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಮಂಗಳದ ಹತ್ತಿರ ಹೋಗಿ ನಾಶವಾಯಿತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ನೌಕೆಯನ್ನು ತಳ್ಳುವ ಬಲದ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಎಂಬ ಬೇರೆ ಅಳತೆ ಅಂದುಕೊಂಡಿತು. ನೌಕೆಯಲ್ಲಿ ದೋಷವಿರಲಿಲ್ಲ. ಸಂದು ಕೆಟ್ಟಿತ್ತು.

ಪರೀಕ್ಷೆಯ ಬಗ್ಗೆ ಹೇಳಲು ಇನ್ನೂ ಇತ್ತು, ಸಮಯವಿಲ್ಲ. ಬಿಡಿಬಿಡಿಯಾಗಿ ಓಡಿಸಿ ನೋಡಿದರೆ ಸಾಲದು, ಜೋಡಿಸಿ ನಿಜವಾದ ಮಾಲು ಹಾಕಿ ನೋಡಿ. ಹೊಸ ಯಂತ್ರದ ಕೊಟೇಶನ್ ನಿಮ್ಮ ಕೈಯಲ್ಲಿದ್ದರೆ, ಸಹಿ ಹಾಕುವ ಮುಂಚೆ ಕೇಳಿ: ಇದಕ್ಕೆ ಮಾಲು ಯಾರು ಕೊಡುತ್ತಾರೆ, ಯಾವ ಹದದಲ್ಲಿ? ಇದರಿಂದ ಯಾರು ತೆಗೆದುಕೊಳ್ಳುತ್ತಾರೆ? ನಡುವೆ ಕೆಟ್ಟರೆ ಯಾರು ಉತ್ತರ ಕೊಡಬೇಕು? ಆ ಕಾಗದದ ಹಿಂದೆಯೇ ಹೆಸರು ಬರೆಸಿಕೊಳ್ಳಿ. ನಮಸ್ಕಾರ.