ಶನಿ ಒಂದು ಸುತ್ತು ಮುಗಿಸುವಷ್ಟರಲ್ಲಿ

ಈ ಸದ್ದು ಕೇಳಿಸುತ್ತಿದೆಯಾ? ರಾಗಿ ಬೀಸುವ ಹಾಗಿದೆ ಅಲ್ವಾ? ಇದು ಗಾಜಿನ ಮೇಲೆ ಗಾಜು ಉಜ್ಜುವ ಸದ್ದು. ಹೋದ ವರ್ಷ ಮಗಳು ತೆಗೆದ ವಿಡಿಯೋ. ಶಿಡ್ಲಘಟ್ಟದ ನಮ್ಮ ಮನೆಯ ಹಿತ್ತಲಲ್ಲಿ, ಮರಳು ತುಂಬಿದ ಹಳೇ ಡ್ರಮ್ಮಿನ ಸುತ್ತ ಓಡಾಡುತ್ತಿರುವುದು ನಾನೇ. ನನಗೀಗ 48. ಟೆಲಿಸ್ಕೋಪ್ ಮಾಡಿದ್ದೇನೆ. ಕೊಂಡಿದ್ದಲ್ಲ, ಕೈಯಾರೆ ಮಾಡಿದ್ದು.

ನನ್ನ ತವರು ಗೌರಿಬಿದನೂರಿನ ಕಡೆ. ಅಲ್ಲಿ 1976ರಲ್ಲಿ ಕಟ್ಟಿದ ರೇಡಿಯೋ ಟೆಲಿಸ್ಕೋಪ್ ಇದೆ. ಬಯಲಲ್ಲಿ ಸಾವಿರ ಆಂಟೆನಾಗಳು ಸಾಲಾಗಿ ನಿಂತಿದ್ದವು. ಚಿಕ್ಕವಳಿದ್ದಾಗ ಅವನ್ನು ಬಟ್ಟೆ ಒಣಹಾಕುವ ತಂತಿ ಅಂದುಕೊಂಡಿದ್ದೆ. "ಅದು ಆಕಾಶದಿಂದ ಬರೋ ಸದ್ದು ಕೇಳಿಸ್ಕೊಳ್ಳುತ್ತೆ ಮಗಾ" ಅಂತ ಅಪ್ಪ ಹೇಳಿದ್ದು ಮನಸ್ಸಲ್ಲಿ ಉಳಿದುಬಿಟ್ಟಿತು.

1996ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ರೇಷ್ಮೆ ನೂಲು ತೆಗೆಯುವ ಮನೆ. ಬೆಳಗಾದರೆ ಬಿಸಿನೀರು, ಗೂಡು, ಚರಕ. ಎಂಟು ಹತ್ತು ಗೂಡಿನ ಎಳೆ ಸೇರಿಸಿದರೆ ಒಂದು ನೂಲು. ಅದರಲ್ಲಿ ಒಂದು ಎಳೆ ಕಡಿದರೂ ಬೆರಳಿಗೆ ಗೊತ್ತಾಗಬೇಕು. ಬೇಜಾರಿನಿಂದ ಹೇಳುತ್ತಿಲ್ಲ. ಆ ನೂಲಿನಿಂದಲೇ ಇಬ್ಬರು ಮಕ್ಕಳು ಓದಿದರು.

ಮಕ್ಕಳು ಕೆಲಸಕ್ಕೆ ಸೇರಿದ ಮೇಲೆ ನನ್ನ ಚೀಟಿ ದುಡ್ಡು ಬಂತು. "ಓಲೆ ಮಾಡಿಸ್ಕೊಳ್ಳೇ, ಈ ವಯಸ್ಸಲ್ಲಿ ಇದೆಲ್ಲ ಯಾಕೆ?" ಅಂದರು ಅತ್ತಿಗೆ. ನಾನು ಆರು ಇಂಚಿನ ಎರಡು ಗಾಜಿನ ಬಿಲ್ಲೆ ತರಿಸಿದೆ. ಕೆಲಸ ಕಲಿಸಿದವರು ಚಿಕ್ಕಬಳ್ಳಾಪುರದ ಒಬ್ಬ ರಿಟೈರ್ಡ್ ಮೇಷ್ಟ್ರು.

ಕೆಳಗೊಂದು ಬಿಲ್ಲೆ, ಮೇಲೊಂದು, ನಡುವೆ ನೀರು ಮತ್ತು ಗಾಜು ಸವೆಸುವ ಕಾರ್ಬೊರಂಡಮ್ ಪುಡಿ. ಮೇಲಿನದನ್ನು ಹಿಂದೆ ಮುಂದೆ ಉಜ್ಜಬೇಕು, ಚೂರು ತಿರುಗಿಸಬೇಕು, ಒಂದು ಹೆಜ್ಜೆ ಪಕ್ಕಕ್ಕೆ ಹೋಗಬೇಕು. ಪ್ರದಕ್ಷಿಣೆ ಹಾಕಿದ ಹಾಗೆ. ಉಜ್ಜುತ್ತಾ ಹೋದರೆ ಮೇಲಿನ ಗಾಜು ತಾನಾಗಿಯೇ ಗುಳಿ ಬೀಳುತ್ತದೆ. ಅದೇ ಟೆಲಿಸ್ಕೋಪಿನ ಕನ್ನಡಿ. ನನಗೆ ಬೇಕಾಗಿದ್ದ ಆಳ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೊದಲು 80ನೇ ನಂಬರಿನ ಒರಟು ಪುಡಿ, ಆಮೇಲೆ ನಯವಾಗುತ್ತಾ 120, 220, 320, 500. ಐನೂರರಲ್ಲಿದ್ದಾಗ ಎಲ್ಲಿಂದಲೋ ಒಂದು ಒರಟು ಕಣ ಸೇರಿಕೊಂಡು ಉದ್ದಕ್ಕೆ ಗೀರು ಬಿತ್ತು. ವಾಪಸ್ 220ಕ್ಕೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಪಾಲಿಷ್ ಮುಗಿದ ನಂತರ ಕನ್ನಡಿಯ ಪರೀಕ್ಷೆ, ಅದಕ್ಕೇ ಈ ಕತ್ತಲೆ ಕೋಣೆ. ಒಂದು ಪುಟ್ಟ ಬಲ್ಬು, ಒಂದು ಬ್ಲೇಡು. ಕನ್ನಡಿಯಿಂದ ವಾಪಸ್ ಬರುವ ಬೆಳಕಿಗೆ ಬ್ಲೇಡು ಅಡ್ಡ ಹಿಡಿದರೆ ಗಾಜಿನ ಉಬ್ಬು ತಗ್ಗು ನೆರಳಾಗಿ ಕಾಣುತ್ತದೆ. "ಹೆಬ್ಬೆರಳು ಒಂದು ನಿಮಿಷ ಗಾಜಿನ ಮೇಲಿಡಮ್ಮ" ಅಂದರು ಮೇಷ್ಟ್ರು. ಇಟ್ಟು ತೆಗೆದು ನೋಡಿದೆ. ಬೆರಳಿಟ್ಟ ಜಾಗದಲ್ಲಿ ಒಂದು ಗುಡ್ಡ! ನನ್ನ ಮೈಬಿಸಿಗೆ ಗಾಜು ಉಬ್ಬಿತ್ತು. ನೋಡುನೋಡುತ್ತಲೇ ಆ ಗುಡ್ಡ ಮೆಲ್ಲಗೆ ಇಳಿದು ಹೋಯಿತು. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ಏರುಪೇರಾದರೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನೂಲು ಹಿಡಿದು ಗಟ್ಟಿಯಾದ ಈ ಕೈಗೆ ಅಷ್ಟು ನಯ ಒಲಿಯಿತಲ್ಲ, ಅವತ್ತು ಕಣ್ಣು ತುಂಬಿ ಬಂತು.

ಟೆಲಿಸ್ಕೋಪನ್ನು ಹೊತ್ತಿರುವ ಈ ಮರದ ಪೆಟ್ಟಿಗೆ ಜಾನ್ ಡಾಬ್ಸನ್ ಅವರ ಉಪಾಯ. ಅಮೆರಿಕದ ವೇದಾಂತ ಆಶ್ರಮದಲ್ಲಿ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿ ಗಾಜು ತಂದು ಕನ್ನಡಿ ಉಜ್ಜುತ್ತಿದ್ದರು. 1967ರಲ್ಲಿ ಆಶ್ರಮ ಬಿಡಬೇಕಾಗಿ ಬಂದಾಗ ವಯಸ್ಸು ಐವತ್ತು ದಾಟಿತ್ತು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡು ದಾರಿಹೋಕರಿಗೆಲ್ಲ ಆಕಾಶ ತೋರಿಸಿದರು.

ನಾನು ಮೊದಲು ತಿರುಗಿಸಿದ್ದು ಶನಿಯ ಕಡೆಗೆ. ನಮ್ಮ ಅತ್ತೆಗೆ 77 ವರ್ಷ. ಶನಿವಾರ ತಪ್ಪದೆ ಎಳ್ಳೆಣ್ಣೆ ದೀಪ ಹಚ್ಚುವವರು. "ಶನಿ ಮುಖ ನೇರವಾಗಿ ನೋಡಬಾರದು ಕಣೇ" ಅಂತ ಹೊಸ್ತಿಲು ದಾಟಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಅಲ್ಲೇ ನಿಂತು ಬೆರಳೆಣಿಸಿದರು: "ನೀನು ಈ ಮನೆಗೆ ಬಂದಾಗ ಶನಿ ಮೀನ ರಾಶೀಲಿದ್ದ. ಈಗ ಮತ್ತೆ ಮೀನದಲ್ಲೇ ಇದಾನೆ."

ಹೌದಲ್ವಾ! ಸೂರ್ಯನನ್ನು ಒಂದು ಸಲ ಸುತ್ತಲು ಶನಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ನಾನು ಒಲೆ, ಚರಕ, ಮಕ್ಕಳು ಅಂತ ಇದ್ದಷ್ಟೂ ಕಾಲ ಅವನು ಒಂದೇ ಒಂದು ಸುತ್ತು ಬಂದಿದ್ದ. ಇನ್ನೊಂದು ಸುತ್ತು ಬರುವಷ್ಟರಲ್ಲಿ ನನಗೆ ಅತ್ತೆಯ ವಯಸ್ಸು.

ಸ್ವಲ್ಪ ಹೊತ್ತಿಗೆ ಅತ್ತೆ ಸೆರಗು ಹೊದ್ದು ಹೊರಗೆ ಬಂದರು. ಕೈ ಮುಗಿದು, ಬಗ್ಗಿ, ಕಣ್ಣಿಟ್ಟರು. ತುಂಬಾ ಹೊತ್ತು ಮಾತಿಲ್ಲ.

"ಮುತ್ತಿಗೆ ಸೂಜಿ ಚುಚ್ಚಿದ ಹಾಗಿದಾನಲ್ಲೇ!"

ಆ ಸೂಜಿಯೇ ಅವನ ಬಳೆ. 2025ರ ಮಾರ್ಚಿನಲ್ಲಿ ಬಳೆಯ ಅಂಚು ನಮ್ಮ ಕಡೆಗೆ ತಿರುಗಿತ್ತು, ಅದಕ್ಕೇ ಇಷ್ಟು ತೆಳ್ಳಗೆ. ಇನ್ನು ಮುಂದಿನ ವರ್ಷಗಳಲ್ಲಿ ಅಗಲವಾಗುತ್ತಾ ಹೋಗುತ್ತದೆ.

ಈ ಶನಿವಾರ ಸಂಜೆ ಟೆಲಿಸ್ಕೋಪ್ ಬೀದಿಗೆ ತರುತ್ತಿದ್ದೇನೆ. ಅತ್ತೆ ಆಗಲೇ ಎದುರು ಮನೆಯವರಿಗೆಲ್ಲ ಹೇಳಿಬಂದಿದ್ದಾರೆ.