ನುಣುಪಾದರೆ ಅಂಟುತ್ತದೆ, ಒರಟಾದರೆ ತಾಗುತ್ತದೆ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಗೊತ್ತಲ್ಲ? 3.5 ಇಂಚಿನ ಡಿಸ್ಕು ನಿಮಿಷಕ್ಕೆ 7,200 ಸುತ್ತು ಹಾಕುವಾಗ ಅದರ ಹೊರ ಅಂಚು ಗಂಟೆಗೆ ಸುಮಾರು 125 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ಸ್ಲೈಡರ್ ಅನ್ನುವ ಒಂದು ಪುಟ್ಟ ತುಣುಕು. ಡೇಟಾ ಓದುವ, ಬರೆಯುವ ಹೆಡ್ ಇರುವುದು ಇದರ ತುದಿಯಲ್ಲೇ. ಈಗಿನ ಸ್ಲೈಡರ್ ರಾಗಿ ಕಾಳಿಗಿಂತ ಚಿಕ್ಕದು. ಇಷ್ಟು ವೇಗದ ಡಿಸ್ಕಿಗೆ ಅದು ತಾಗುವ ಹಾಗಿಲ್ಲ, ದೂರ ಹೋಗುವ ಹಾಗೂ ಇಲ್ಲ.

ಅದನ್ನು ಎತ್ತಿ ಹಿಡಿಯುವುದು ಬರೀ ಗಾಳಿ. ತಿರುಗುವ ಡಿಸ್ಕು ತನ್ನ ಜೊತೆ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ. ಸ್ಲೈಡರ್ ಮೂಗು ಸ್ವಲ್ಪ ಮೇಲೆತ್ತಿ ಕೂತಿರುತ್ತದೆ, ಹಾಗಾಗಿ ಒಳಗೆ ನುಗ್ಗಿದ ಗಾಳಿಗೆ ಹೋಗ್ತಾ ಹೋಗ್ತಾ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಮೇಲಿನಿಂದ ಸ್ಪ್ರಿಂಗ್ ಎರಡು ಮೂರು ಗ್ರಾಂ ಭಾರದಷ್ಟು ಒತ್ತುತ್ತದೆ, ಕೆಳಗಿನಿಂದ ಗಾಳಿ ಎತ್ತುತ್ತದೆ. ಎರಡೂ ಸರಿಸಮ ಆದ ಕಡೆ ಸ್ಲೈಡರ್ ನಿಲ್ಲುತ್ತದೆ. ಇದಕ್ಕೆ ಏರ್ ಬೇರಿಂಗ್ ಅಂತ ಹೆಸರು.

1956ರಲ್ಲಿ ಹಾರ್ಡ್ ಡಿಸ್ಕ್ ಇದ್ದ ಐಬಿಎಂ ಕಂಪನಿಯ ರಾಮ್ಯಾಕ್ ಕಂಪ್ಯೂಟರ್ ಬಂದಾಗ ಹೆಡ್ಡಿಗೂ ಡಿಸ್ಕಿಗೂ ನಡುವೆ ಸುಮಾರು 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ 20 ಭಾಗದಷ್ಟು ಅಂತರ ಇತ್ತು, ಅದಕ್ಕೂ ಕಂಪ್ರೆಸರ್‌ನಿಂದ ಗಾಳಿ ಊದಬೇಕಿತ್ತು. 1973ರಲ್ಲಿ ಅದೇ ಕಂಪನಿಯ ವಿಂಚೆಸ್ಟರ್ ಅನ್ನುವ ಡಿಸ್ಕ್ ಡ್ರೈವ್ ಬರುವ ಹೊತ್ತಿಗೆ ಅಂತರ ಅರ್ಧ ಮೈಕ್ರಾನಿಗಿಂತ ಕಡಿಮೆ. ಈಗ ಕೆಲವೇ ನ್ಯಾನೋಮೀಟರ್. ನ್ಯಾನೋಮೀಟರ್ ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿ ಅದರಲ್ಲಿ ಒಂದು ಭಾಗ. ಓದುವಾಗ ಪುಟ್ಟ ಹೀಟರ್ ಬಿಸಿ ಮಾಡಿ ಹೆಡ್ಡಿನ ತುದಿಯನ್ನು ಉಬ್ಬಿಸುತ್ತಾರೆ, ಆಗ ಒಂದೆರಡು ನ್ಯಾನೋಮೀಟರಿಗೂ ಇಳಿಯುತ್ತದೆ.

20 ಮೈಕ್ರಾನ್ ಅಂತರ ಇದ್ದಾಗ ಮೇಲ್ಮೈಯಲ್ಲಿ ಚೂರು ಉಬ್ಬು ತಗ್ಗು ಇದ್ದರೂ ಗಾಳಿಗೆ ಅದು ಲೆಕ್ಕಕ್ಕೇ ಇಲ್ಲ. ಗಾಳಿಪದರ ತೆಳುವಾಗಿ ಉಬ್ಬುಗಳ ಎತ್ತರದ ಮೂರು ನಾಲ್ಕು ಪಟ್ಟಿಗೆ ಬಂದಾಗ ಆಟ ಬದಲಾಗುತ್ತದೆ. ಆಗ ಒರಟುತನ ಎಷ್ಟು ಅನ್ನುವುದರ ಜೊತೆಗೆ ಯಾವ ದಿಕ್ಕಿನಲ್ಲಿದೆ ಅನ್ನುವುದೂ ಮುಖ್ಯ. ಡಿಸ್ಕು ಓಡುವ ದಿಕ್ಕಿನಲ್ಲೇ ಉದ್ದುದ್ದ ಗೆರೆಗಳಿದ್ದರೆ ಒತ್ತಡಕ್ಕೆ ಸಿಕ್ಕ ಗಾಳಿಗೆ ಅವೇ ಕಾಲುವೆ. ಸರಾಗವಾಗಿ ಸೋರಿಹೋಗುತ್ತದೆ, ಎತ್ತುವ ಬಲ ಕುಗ್ಗುತ್ತದೆ. ಅದೇ ಗೆರೆಗಳು ಅಡ್ಡಡ್ಡ ಇದ್ದರೆ ಗಾಳಿಗೆ ತಡೆ, ಒತ್ತಡ ನಿಲ್ಲುತ್ತದೆ, ಬಲ ಜಾಸ್ತಿ. ಇಷ್ಟಾದರೂ ಸ್ಲೈಡರ್ ಅಗಲ ಕಡಿಮೆ ಇದ್ದರೆ ಅಡ್ಡ ಗೆರೆಗಳೇ ಪಕ್ಕಕ್ಕೆ ಸೋರುವ ದಾರಿ ಆಗಿಬಿಡಬಹುದು. ಪಾತಿರ್ ಮತ್ತು ಚೆಂಗ್ ಅನ್ನುವ ಇಬ್ಬರು 1978ರಲ್ಲಿ ಇದನ್ನು ಲೆಕ್ಕಕ್ಕೆ ತರುವ ದಾರಿ ತೋರಿಸಿದರು. ಒಂದೊಂದು ಉಬ್ಬನ್ನೂ ಎಣಿಸುತ್ತಾ ಕೂರದೆ, ತೆಳು ಪದರದೊಳಗಿನ ಒತ್ತಡ ಲೆಕ್ಕ ಹಾಕುವ 1886ರ ರೆನಾಲ್ಡ್ಸ್ ಸಮೀಕರಣಕ್ಕೇ ಒರಟುತನದ ಗುಣಕಗಳನ್ನು ಸೇರಿಸಿದರು.

ಮೇಲ್ಮೈಯ ಒರಟುತನ ಹೇಳುವ ಅಳತೆಗೆ ಆರ್‌ಎ ಅನ್ನುತ್ತಾರೆ. ಯಂತ್ರಭಾಗದ ಡ್ರಾಯಿಂಗಿನಲ್ಲಿ ಆರ್‌ಎ ಇಷ್ಟಿರಲಿ ಅಂತ ಬರೆದು ಕೈ ತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಆರ್‌ಎ ಅನ್ನುವುದು ಬರೀ ಸರಾಸರಿ. ಎರಡು ಡಿಸ್ಕುಗಳಿಗೆ ಒಂದೇ ಆರ್‌ಎ ಇರಬಹುದು, ಒಂದರಲ್ಲಿ ಎಲ್ಲ ಕಡೆ ಸಣ್ಣ ಅಲೆ, ಇನ್ನೊಂದು ಹೆಚ್ಚುಕಡಿಮೆ ನುಣುಪಾಗಿದ್ದು ಎಲ್ಲೋ ಒಂದೇ ಒಂದು ಮೊನೆ ಎದ್ದು ನಿಂತಿರುತ್ತದೆ. ಸ್ಲೈಡರಿಗೆ ಪೆಟ್ಟು ಕೊಡುವುದು ಆ ಒಂದು ಮೊನೆ, ಸರಾಸರಿ ಅಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಗ್ಲೈಡ್ ಟೆಸ್ಟ್ ಅಂತ ಮಾಡುತ್ತಾರೆ. ಸೆನ್ಸರ್ ಇರುವ ಹೆಡ್ಡನ್ನು ಡಿಸ್ಕಿನ ಮೇಲೆ ಬೇಕಂತಲೇ ತೀರಾ ಕೆಳಗೆ ಹಾರಿಸಿ, ಎಲ್ಲಾದರೂ ತಾಗುತ್ತದಾ ನೋಡುತ್ತಾರೆ. ತಾಗಿದರೆ ಡಿಸ್ಕು ಪಾಸಾಗುವುದಿಲ್ಲ.

ಸಮುದ್ರಮಟ್ಟದಿಂದ ಮೇಲೆ ಹೋದಂತೆಲ್ಲ ಗಾಳಿ ತೆಳುವಾಗಿ ಸ್ಲೈಡರ್ ಕೆಳಗಿಳಿಯುತ್ತದೆ, ಮೊನೆಗಳು ಹತ್ತಿರವಾಗುತ್ತವೆ. ಎಷ್ಟೋ ಡಿಸ್ಕುಗಳನ್ನು ಸುಮಾರು 3,000 ಮೀಟರಿಗಿಂತ ಮೇಲೆ ಓಡಿಸಬೇಡಿ ಅಂತ ತಯಾರಕರೇ ಬರೆದಿರುತ್ತಾರೆ. ಲೇಹ್ ಇರುವುದೇ 3,500 ಮೀಟರ್ ಎತ್ತರದಲ್ಲಿ!

ಹಾಗಾದರೆ ಡಿಸ್ಕನ್ನು ಕನ್ನಡಿ ಥರ ಪಾಲಿಶ್ ಮಾಡಿಬಿಟ್ಟರೆ ಮುಗೀತಲ್ವಾ? ಮುಗಿಯಲಿಲ್ಲ. ಟೂಲ್ ರೂಮಿನಲ್ಲಿ ಕೆಲಸ ಮಾಡಿದವರು ಸ್ಲಿಪ್ ಗೇಜ್, ಅಂದರೆ ಅಳತೆಗೆ ಬಳಸುವ ಬಹಳ ನುಣುಪಾದ ತುಂಡುಗಳನ್ನು ನೋಡಿರುತ್ತೀರಿ, ಎರಡನ್ನು ಉಜ್ಜಿ ಕೂರಿಸಿದರೆ ಕೈಯಿಂದ ಎಳೆದರೂ ಸುಮ್ನೆ ಬಿಟ್ಟುಕೊಡುವುದಿಲ್ಲ. ವಿಂಚೆಸ್ಟರ್ ಮಾದರಿಯ ಡ್ರೈವುಗಳಲ್ಲಿ ಕರೆಂಟ್ ಹೋದಾಗ ಸ್ಲೈಡರ್ ಡಿಸ್ಕಿನ ಮೇಲೇ ಇಳಿದು ಕೂರುತ್ತಿತ್ತು. ಡಿಸ್ಕಿನ ಮೇಲೆ ತೆಳು ಲೂಬ್ರಿಕೆಂಟ್ ಬೇರೆ ಇರುತ್ತದೆ. ಎರಡು ನುಣುಪು ಮುಖಗಳ ನಡುವೆ ಆ ಲೂಬ್ರಿಕೆಂಟ್, ಜೊತೆಗೆ ಗಾಳಿಯ ತೇವ, ಸೇರಿ ಹಿಡಿದುಕೊಂಡುಬಿಟ್ಟರೆ ಮೋಟರಿಗೆ ಡಿಸ್ಕನ್ನು ಅಲುಗಾಡಿಸಲೂ ಆಗುತ್ತಿರಲಿಲ್ಲ. ಇದಕ್ಕೆ ಸ್ಟಿಕ್ಷನ್ ಅನ್ನುತ್ತಾರೆ.

ಅದಕ್ಕಾಗಿ ಡಿಸ್ಕನ್ನು ನುಣುಪು ಮಾಡಿ ಮತ್ತೆ ಬೇಕಂತಲೇ ಒರಟು ಮಾಡುತ್ತಿದ್ದರು! ಇಡೀ ಡಿಸ್ಕು ಒರಟಾದರೆ ಹೆಡ್ಡನ್ನು ಕೆಳಗೆ ಹಾರಿಸಲಾಗದು. 1990ರ ದಶಕದಲ್ಲಿ ಒಳ್ಳೆಯ ಉಪಾಯ ಸಿಕ್ಕಿತು. ಡೇಟಾ ಇರುವ ಜಾಗವನ್ನು ನುಣುಪಾಗಿಯೇ ಬಿಟ್ಟು, ನಡುವಿನ ರಂಧ್ರದ ಹತ್ತಿರ ಸ್ಲೈಡರ್ ಇಳಿಯುವ ಒಂದು ಪಟ್ಟಿಯಲ್ಲಿ ಮಾತ್ರ ಲೇಸರಿನಿಂದ ಸಾವಿರಾರು ಪುಟ್ಟ ಉಬ್ಬುಗಳನ್ನು ಎಬ್ಬಿಸಿದರು. ನನಗಂತೂ ಈ ಇಡೀ ಕಥೆಯಲ್ಲಿ ಅತ್ಯಂತ ಜಾಣತನದ ಕೆಲಸ ಇದೇ. ಆಮೇಲೆ ಡಿಸ್ಕಿನ ಅಂಚಿಗೆ ಪ್ಲಾಸ್ಟಿಕ್ ರ‍್ಯಾಂಪ್ ಬಂತು, ಹೆಡ್ ಡಿಸ್ಕನ್ನೇ ಬಿಟ್ಟು ಅದರ ಮೇಲೆ ಹತ್ತಿ ಕೂರುತ್ತದೆ, ಲೇಸರ್ ಉಬ್ಬುಗಳ ಕೆಲಸ ಹೋಯಿತು.

ಮನೆಯಲ್ಲಿ ಕೆಟ್ಟುಹೋದ ಹಳೇ ಡಿಸ್ಕ್ ಇದ್ದರೆ ಬಿಚ್ಚಿ ನೋಡಿ. ಮಾಮೂಲಿ ಸ್ಕ್ರೂ ಡ್ರೈವರ್ ಆಗುವುದಿಲ್ಲ, ನಕ್ಷತ್ರದ ಮೊನೆಯ ಟಾರ್ಕ್ಸ್ ಬೇಕು. ಲೇಬಲ್ ಕೆಳಗೂ ಒಂದು ಸ್ಕ್ರೂ ಅಡಗಿರುವುದುಂಟು. ಅಂಚಿನಲ್ಲಿ ರ‍್ಯಾಂಪ್ ಇದೆಯಾ ನೋಡಿ. ಇಲ್ಲದಿದ್ದರೆ ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ, ಒಳಭಾಗದಲ್ಲಿ ಆ ಲೇಸರ್ ಪಟ್ಟಿ ಬೇರೆಯಾಗಿ ಕಂಡರೂ ಕಾಣಬಹುದು. ಲ್ಯಾಪ್‌ಟಾಪಿನ ಡಿಸ್ಕ್ ಆದರೆ ಮಾತ್ರ ಬಗ್ಗಿಸೋಕೆ ಹೋಗಬೇಡಿ. ಅದು ಹೆಚ್ಚಾಗಿ ಗಾಜಿನದು, ಚೂರುಚೂರಾಗಿ ಸಿಡಿಯುತ್ತದೆ.